ಕ್ಷಯಾಣುವೂ ದೇಹರಕ್ಷಣೆಯೂ: 119 ಗ್ರಾಮಗಳ ಸಾಕ್ಷ್ಯ

ರೋಗಾಣುವಿಗೂ ಮಾನವದೇಹಕ್ಕೂ ನಡೆಯುವ ಹೋರಾಟವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದವರು ಅನೇಕರು. ಹಳ್ಳಿಹಳ್ಳಿಗಳಲ್ಲಿ ವರ್ಷಗಟ್ಟಲೆ ಎಣಿಸಿ ನೋಡಿದವರು ವಿರಳ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಗ್ರಾಮಗಳಲ್ಲಿ ನಡೆಸಿದ ಸಮೀಕ್ಷೆಯು ಈ ವಿರಳ ವರ್ಗಕ್ಕೆ ಸೇರಿದುದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳು ಆಗ ಆ ಜಿಲ್ಲೆಯವೇ. ಗ್ರಾಮಾಂತರ ಜಿಲ್ಲೆ ಬೇರೆಯಾದುದು 1986ರಲ್ಲಿ.

ಕಾಖ್ ಮಹಾಶಯನು 1882ರಲ್ಲಿ ಕಂಡುಹಿಡಿದ ಕ್ಷಯಾಣುವಿನ ಚಾತುರ್ಯ ವಿಲಕ್ಷಣವಾದುದು. ದೇಹವನ್ನು ಕಾಯುವ ಭಕ್ಷಕಕೋಶವು ಅದನ್ನು ನುಂಗುತ್ತದೆ; ಆದರೆ ಜೀರ್ಣಿಸಿಕೊಳ್ಳಲಾರದು. ನುಂಗಿದ ಕೋಶದ ಜೀರ್ಣರಸವು ತನ್ನನ್ನು ಮುಟ್ಟದಂತೆ ಅಣುವು ತಡೆಯುವುದೆಂದು 1971ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಹಾರ್ಟ್ ಎಂಬವರು ತೋರಿಸಿದರು. ಕೊಲ್ಲಲಾಗದ ಶತ್ರುವನ್ನು ದೇಹವು ಕೋಶಗಳ ಗಂಟೊಂದರಲ್ಲಿ ಸೆರೆಯಿಡುತ್ತದೆ. ಬಹುಮಂದಿಯಲ್ಲಿ ಈ ಸೆರೆ ಜೀವಮಾನವಿಡೀ ಭದ್ರವಾಗಿರುತ್ತದೆ; ವಾರ್ಧಕ್ಯ, ಅಪೌಷ್ಟಿಕತೆ, ಮಧುಮೇಹಗಳು ಅದನ್ನು ಸಡಿಲಗೊಳಿಸಬಲ್ಲವು.

ಹಳ್ಳಿಗೆ ಹೋದ ಸಮೀಕ್ಷಕರಿಗೆ ಈ ಒಳಯುದ್ಧವು ಕಾಣುತ್ತಿದ್ದುದು ತೋಳಿನ ಮೇಲಿನ ಊತದಲ್ಲಿ ಮಾತ್ರ. ಕಾಖ್‌ನು 1890ರಲ್ಲಿ ಔಷಧವೆಂದು ಸಾರಿ, ಔಷಧವಾಗಿ ವಿಫಲವಾದ ಟ್ಯೂಬರ್ಕ್ಯುಲಿನ್ನೇ ಇಲ್ಲಿ ಸೋಂಕನ್ನು ತಿಳಿಸುವ ಸಾಧನವಾಯಿತೆಂಬುದು ಸ್ವಾರಸ್ಯಕರ. ಚರ್ಮಪರೀಕ್ಷೆ, ಎದೆಯ ಕ್ಷ-ಕಿರಣಚಿತ್ರ, ಕಫಪರೀಕ್ಷೆಗಳನ್ನು ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಬಾರಿ ನಡೆಸಲಾಯಿತು.

ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ಷಯಾಣು ಕಂಡವರು 126 ಮಂದಿ. ಐದು ವರ್ಷಗಳ ತರುವಾಯ ಅವರಲ್ಲಿ ಶೇಕಡಾ 49ರಷ್ಟು ಮಂದಿ ಮೃತರಾಗಿದ್ದರು. ಶೇಕಡಾ 32ರಷ್ಟು ಮಂದಿಯ ಕಫ ಅಣುರಹಿತವಾಗಿದ್ದಿತು. ಉಳಿದ ಶೇಕಡಾ 18ರಷ್ಟು ಮಂದಿ ಅಣುವನ್ನು ಹೊರಸೂಸುತ್ತಲೇ ಇದ್ದರು. ಅಲ್ಲಿ ಸಂಘಟಿತ ಚಿಕಿತ್ಸಾ ಕಾರ್ಯಕ್ರಮವಿರಲಿಲ್ಲ. ಆದುದರಿಂದ, ದೇಹವು ಬಹುಮಟ್ಟಿಗೆ ತನ್ನಷ್ಟಕ್ಕೇ ಹೋರಾಡಿದರೆ ಏನಾಗುವುದೆಂಬುದಕ್ಕೆ ಈ ಅಂಕಿಗಳನ್ನು ವಿದ್ವಾಂಸರು ಇಂದಿಗೂ ಉದ್ಧರಿಸುತ್ತಾರೆ. ಸುಮಾರು ಮೂರರಲ್ಲೊಬ್ಬರು ಅಣುಮುಕ್ತರಾದರೆಂಬುದು ದೇಹಶಕ್ತಿಗೆ ಸಾಕ್ಷಿಯೇ ಸರಿ.

ಆದರೆ ಸ್ಟ್ರೆಪ್ಟೊಮೈಸಿನ್ನು 1944ರಲ್ಲಿಯೂ ಐಸೋನಿಯಾಜಿಡ್ಡಿನ ಕ್ಷಯನಿವಾರಕ ಗುಣ 1952ರಲ್ಲಿಯೂ ಜಗತ್ತಿಗೆ ತಿಳಿದಿದ್ದವು. ಮನೆಯಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದನ್ನು ಮದರಾಸಿನ ಅಧ್ಯಯನವು 1959ರಲ್ಲಿಯೇ ಸ್ಥಾಪಿಸಿದ್ದಿತು. ಆದ್ದರಿಂದ ಈ ಮೃತ್ಯುಸಂಖ್ಯೆಯನ್ನು ಪ್ರಕೃತಿಯ ನಿಯಮವೆಂದು ಮಾತ್ರ ಓದುವುದು ನಮಗೆ ಸಮ್ಮತವಲ್ಲ. ಔಷಧವಿದ್ದೂ ಹಳ್ಳಿಯನ್ನು ತಲುಪದ ಕಾಲದ ದಾಖಲೆಯೂ ಅದಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 1974ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಗ್ರಾಮಸ್ಥರು ಶೇಕಡಾವಾರುಗಳಾಗಿ ಉಳಿದಿದ್ದಾರೆ.