ರೋಗಿಗೆ ದೊರೆತ ಆಸನ
ಬಾಲ್ಟಿಮೋರಿನ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಮಹಾಶಯರು 19ನೆಯ ಶತಮಾನದ ಅಂತ್ಯದಲ್ಲಿ ರೂಢಿಗೆ ತಂದ ಸಮೂಲ ಸ್ತನಚ್ಛೇದನವು ಅಮೆರಿಕದಲ್ಲಿ ಎಷ್ಟು ಗಾಢವಾಗಿ ಬೇರೂರಿತ್ತೆಂದರೆ, ಗಂಟಿನ ಪರೀಕ್ಷೆಗೆಂದು ಅರಿವಳಿಕೆಗೊಳಗಾದ ಸ್ತ್ರೀಯು, ಅದು ಕ್ಯಾನ್ಸರೆಂದು ಕಂಡುಬಂದಲ್ಲಿ, ಎದೆಯ ಮಾಂಸಖಂಡಗಳ ಸಹಿತ ಸ್ತನವನ್ನು ಕಳೆದುಕೊಂಡೇ ಎಚ್ಚರಗೊಳ್ಳುತ್ತಿದ್ದಳು. 1974ರಲ್ಲಿ ಸ್ವತಃ ರೋಗಪೀಡಿತರಾದ ಪತ್ರಕರ್ತೆ ರೋಸ್ ಕುಶ್ನರ್ ಇದಕ್ಕೆ ಒಡಂಬಡಲಿಲ್ಲ. ಪರೀಕ್ಷೆ ಬೇರೆ, ಶಸ್ತ್ರಕ್ರಿಯೆ ಬೇರೆಯೆಂದು ಹಟ ಹಿಡಿದು, ವೈದ್ಯಗ್ರಂಥಗಳನ್ನು ತಾವೇ ಶೋಧಿಸಿ, ಶಸ್ತ್ರವೈದ್ಯರ ಅಸಹನೆಗೆ ಪಾತ್ರರಾದರು. ಅಧಿಕಾರವನ್ನು ಯಾರು ತಾನೇ ನಗುನಗುತ್ತ ಬಿಟ್ಟುಕೊಟ್ಟಾರು! ಆದರೂ 1979ರಲ್ಲಿ, ಪರೀಕ್ಷೆ ಮತ್ತು ಶಸ್ತ್ರಕ್ರಿಯೆಗಳನ್ನು ಒಟ್ಟಿಗೇ ಮುಗಿಸುವ ಆ ಪದ್ಧತಿಯನ್ನು ಕೈಬಿಡುವಂತೆ ಶಿಫಾರಸು ಮಾಡಿದ ರಾಷ್ಟ್ರೀಯ ವಿದ್ವತ್ಸಮಿತಿಯಲ್ಲಿ ಅವರಿಗೂ ಸ್ಥಾನವಿತ್ತು. ತರುವಾಯ ರೋಗಿಗಳ ಒಕ್ಕೂಟಗಳ ಒತ್ತಾಯಕ್ಕೆ ಮಣಿದ ಅಮೆರಿಕದ ಕಾಂಗ್ರೆಸ್ಸು 1992ರಲ್ಲಿ, ವಿಚಿತ್ರವೆನಿಸಿದರೂ, ರಕ್ಷಣಾ ಇಲಾಖೆಯ ಮೂಲಕ 21 ಕೋಟಿ ಡಾಲರುಗಳನ್ನು ಸ್ತನಕ್ಯಾನ್ಸರಿನ ಸಂಶೋಧನೆಗೆ ಮೀಸಲಿಟ್ಟಿತು. 1995ರಿಂದ ಆ ನಿಧಿಯ ನೆರವು ಕೋರಿದ ಸಂಶೋಧನಾ ಪ್ರಸ್ತಾವಗಳನ್ನು ತೂಗುವ ಸಮಿತಿಗಳಲ್ಲಿ, ವಿಜ್ಞಾನಿಗಳ ಸರಿಸಮಾನವಾಗಿ, ರೋಗವನ್ನು ಅನುಭವಿಸಿದವರೂ ಮತ ಹಾಕತೊಡಗಿದರು.