ವರ್ಗಣಿದಾರರ ಬಲ: ಮಾಸಪತ್ರಿಕೆ, ಗ್ರಂಥಮಾಲೆ, ಗ್ರಂಥದಂಗಡಿಗಳು ಬಾಳಿದ ಬಗೆ

ಪುಣೆ ಜಿಲ್ಲೆಯ ಬಾರಾಮತಿಯು ಮರಾಠಿ ಸಾಹಿತ್ಯದ ಇತಿಹಾಸದಲ್ಲಿ ಮೋರೋಪಂತನ ಊರೆಂದು ಪ್ರಸಿದ್ಧವಾಗಿದೆ. ೧೭೨೯ರಲ್ಲಿ ಪನ್ಹಾಳಗಡದಲ್ಲಿ ಹುಟ್ಟಿದ ಈ ಪಂಡಿತಕವಿಯು ಕರ್ಹಾ ನದಿಯ ದಂಡೆಯ ಈ ಊರಿಗೆ ಬಂದು, ನಾಯಿಕ ಮನೆತನದ ಆಶ್ರಯದಲ್ಲಿ ನೆಲಸಿ, ೧೭೯೪ರಲ್ಲಿ ಕಾಲವಶನಾಗುವವರೆಗೆ ಆರ್ಯಾವೃತ್ತದಲ್ಲಿ ವಿಪುಲವಾಗಿ ಕಾವ್ಯರಚನೆ ಮಾಡಿದನು. ಅವನಿಗೆ ಮುದ್ರಣದ ಖರ್ಚಿನ ಚಿಂತೆಯಾಗಲಿ, ಮಾರಾಟದ ಚಿಂತೆಯಾಗಲಿ ಇರಲಿಲ್ಲ. ಅನ್ನವಿಕ್ಕುವ ಒಂದು ಮನೆತನ, ಪೋಥಿಯನ್ನು ಪ್ರತಿಮಾಡುವ ಕೆಲವು ಕೈಗಳು, ಊರಿಂದೂರಿಗೆ ಪದ್ಯವನ್ನು ಒಯ್ಯುವ ಕೀರ್ತನಕಾರರು, ಇಷ್ಟಿದ್ದರೆ ಅಂದಿನ ಕಾವ್ಯ ಬಾಳುತ್ತಿದ್ದಿತು. ಮುಂದೆ ಅಚ್ಚಿನ ಯುಗ ಬಂದಾಗ ಮೋರೋಪಂತನ ಪದ್ಯಗಳು ೧೮೫೪ರ 'ನವನೀತ'ವೆಂಬ ಸಂಕಲನದಲ್ಲಿ ಸೇರಿ ಶಾಲೆಯ ಹುಡುಗರ ಕೈಗೆ ಬಂದವು. ಅಲ್ಲಿ ನಾಯಿಕರ ಸ್ಥಾನವನ್ನು ಸರಕಾರದ ವಿದ್ಯಾಖಾತೆ ವಹಿಸಿಕೊಂಡಿತೆಂದು ಹೇಳಬಹುದು.

ಸಾಹುಕಾರನ ಆಶ್ರಯವೂ ಇಲ್ಲದೆ, ಸರಕಾರದ ಆಶ್ರಯವೂ ಇಲ್ಲದೆ ಗ್ರಂಥವನ್ನೋ ಪತ್ರಿಕೆಯನ್ನೋ ನಡೆಯಿಸಬೇಕೆಂದು ಹೊರಟವರ ಪಾಡೇನು? ಅವರಿಗೆ ಉಳಿದ ದಾರಿ ಒಂದೇ: ಅನೇಕರಿಂದ ಸ್ವಲ್ಪ ಸ್ವಲ್ಪ ಹಣವನ್ನು, ಅದೂ ಗ್ರಂಥ ಸಿದ್ಧವಾಗುವ ಮುಂಚೆಯೇ, ಪಡೆದುಕೊಳ್ಳುವುದು. ಮೈಸೂರು ಸೀಮೆಯವರು ಚಂದಾ ಎಂದು ಕರೆಯುವ ಈ ಹಣಕ್ಕೆ ಧಾರವಾಡದ ಕಡೆ ಮರಾಠಿಯಿಂದ ಬಂದ ವರ್ಗಣಿಯೆಂಬ ಹೆಸರು ರೂಢಿಯಲ್ಲಿದೆ. ಕನ್ನಡದ ಸ್ವತಂತ್ರ ಪತ್ರಿಕೆಗಳ ಮತ್ತು ಗ್ರಂಥಮಾಲೆಗಳ ಇತಿಹಾಸವು ಬಹುಮಟ್ಟಿಗೆ ಈ ವರ್ಗಣಿಯ ಇತಿಹಾಸವೇ ಆಗಿದೆ. ಸಾಹಿತ್ಯಚರಿತ್ರೆಗಳು ಸಂಪಾದಕರ ತ್ಯಾಗವನ್ನು ಕೊಂಡಾಡುತ್ತವೆ. ವರ್ಗಣಿ ಕಳಿಸಿದವರ ವಿಷಯದಲ್ಲಿ ಅವು ಮೌನವಾಗಿರುವುದೇ ಹೆಚ್ಚು.

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು ೧೮೪೩ರ ಜುಲೈ ೧ರಂದು ಹೊರಟಿತು. ಹರ್ಮನ್ ಮ್ಯೋಗ್ಲಿಂಗನ ಬೆನ್ನಿಗೆ ಬಾಸೆಲ್ ಮಿಶನ್ನು ಇದ್ದಿತು. ಕಲ್ಲಚ್ಚಿನಲ್ಲಿ ಹೊರಡುತ್ತಿದ್ದ ಈ ಪಾಕ್ಷಿಕವು ಮರುವರ್ಷವೇ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂದು ಹೆಸರು ಬದಲಿಸಿತು. ಆದರೂ ಬಹುಕಾಲ ಬಾಳಲಿಲ್ಲ. ಸಂಸ್ಥೆಯ ಬೆಂಬಲವಿದ್ದ ಪತ್ರಿಕೆಯ ಗತಿಯೇ ಹೀಗಾದರೆ ಒಂಟಿ ಮನುಷ್ಯರ ಸಾಹಸದ ಮಾತೇನು!

ಒಂಟಿ ಮನುಷ್ಯರ ಸಾಹಸಕ್ಕೆ ಪುಣೆಯಲ್ಲಿ ಹಿರಿಯ ಉದಾಹರಣೆಯೊಂದಿದೆ. ವಿಷ್ಣುಶಾಸ್ತ್ರೀ ಚಿಪಳೂಣಕರರು ೧೮೭೪ರಲ್ಲಿ 'ನಿಬಂಧಮಾಲಾ' ಎಂಬ ಮಾಸಿಕವನ್ನು ಆರಂಭಿಸಿ ಏಳು ವರ್ಷಗಳಲ್ಲಿ ಎಂಬತ್ತನಾಲ್ಕು ಸಂಚಿಕೆಗಳನ್ನು ಹೊರಡಿಸಿದರು. ಆಗ ಅವರು ಸರಕಾರಿ ಶಾಲೆಯ ಶಿಕ್ಷಕರು. ನೌಕರಿಯ ಸಂಬಳವೇ ಪತ್ರಿಕೆಗೆ ಆಧಾರವಾಗಿದ್ದಿತು. ನೌಕರಿಯನ್ನು ಬಿಟ್ಟಮೇಲೆ ಬರಿಯ ಲೇಖನಿಯಿಂದ ಕೆಲಸವಾಗದೆಂಬುದನ್ನು ಅವರು ಕಂಡುಕೊಂಡಿದ್ದರೆಂದು ತೋರುತ್ತದೆ. ಆರ್ಯಭೂಷಣ ಮುದ್ರಣಾಲಯ, ಚಿತ್ರಶಾಲೆ, 'ಕಿತಾಬಖಾನಾ' ಎಂಬ ಗ್ರಂಥದಂಗಡಿ, ಈ ಮೂರರ ಸ್ಥಾಪನೆಯಲ್ಲಿಯೂ ಅವರ ಕೈಯಿದೆ. ಬರೆಯುವುದು, ಅಚ್ಚುಹಾಕುವುದು, ಮಾರುವುದು, ಮೂರೂ ಒಂದೇ ಬಳಗದ ವಶದಲ್ಲಿರಬೇಕೆಂಬ ಈ ದೂರದೃಷ್ಟಿಯ ಫಲವನ್ನು ಉಣ್ಣುವಷ್ಟು ಆಯುಷ್ಯ ಅವರಿಗಿರಲಿಲ್ಲ. ೧೮೮೨ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ಅವರು ತೀರಿಕೊಂಡರು. ಅವರ ತರುವಾಯದ ಪೀಳಿಗೆಯ ಹರಿ ನಾರಾಯಣ ಆಪಟೆಯವರು 'ಕರಮಣೂಕ' ವಾರಪತ್ರಿಕೆಯನ್ನು ೧೮೯೦ರಿಂದ ೧೯೧೭ರವರೆಗೆ ನಡೆಯಿಸಿದರು. ಅವರ ಕಾದಂಬರಿಗಳಲ್ಲಿ ಅನೇಕವು ಅದರಲ್ಲಿಯೇ ಕಂತುಕಂತಾಗಿ ಬಂದವು. ಸಂಸ್ಕೃತ ಗ್ರಂಥಗಳನ್ನು ಪ್ರಕಟಿಸುತ್ತಿದ್ದ ಆನಂದಾಶ್ರಮ ಸಂಸ್ಥೆಯ ವ್ಯವಸ್ಥಾಪಕತ್ವವು ಅವರಿಗಿದ್ದಿತೆಂಬುದನ್ನು ಇಲ್ಲಿ ಮರೆಯಲಾಗದು. ಪತ್ರಿಕೆಯ ಹೊರಗೆ ಸಂಪಾದಕನಿಗೆ ಒಂದು ನೆಲೆಯಿದ್ದಾಗಲೇ ಪತ್ರಿಕೆ ಕಾಲು ಶತಮಾನ ಬಾಳಿತು.

ಪುಣೆಯ ಈ ಸಂಗತಿಗಳು ಕನ್ನಡಿಗರಿಗೆ ಹೊರಗಿನವಲ್ಲ. ೧೯೫೬ರ ನವೆಂಬರ್ ೧ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರಗಳೂ ಪುಣೆಯೂ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆಲೂರ ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ದ. ರಾ. ಬೇಂದ್ರೆಯವರೂ ಅಲ್ಲಿಯೇ. ಮರಾಠಿಯ ಮಾಸಿಕಗಳನ್ನೂ ಗ್ರಂಥದಂಗಡಿಗಳನ್ನೂ ಕಣ್ಣಾರೆ ಕಂಡ ತರುಣರು ಊರಿಗೆ ಮರಳಿ, ಕನ್ನಡದಲ್ಲಿ ಇಂಥದು ಏಕಿರಬಾರದೆಂದು ಕೇಳಿಕೊಂಡದ್ದು ಸಹಜವೇ ಆಗಿದೆ. ೧೮೯೦ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಗ್ರಂಥಕರ್ತರಿಗೆ ಬಹುಮಾನವಿತ್ತು, ೧೮೯೬ರಲ್ಲಿ 'ವಾಗ್ಭೂಷಣ'ವನ್ನು ಹೊರಡಿಸಿ, ಈ ಕೆಲಸಕ್ಕೆ ನೆಲ ಹದಗೊಳಿಸಿತು.

ಆ ನೆಲದಲ್ಲಿ ಉತ್ತವರಲ್ಲಿ ಗಳಗನಾಥರ ಹೆಸರು ಮೊದಲು ಬರುತ್ತದೆ. ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ಹಾವೇರಿಯ ಕಡೆಯ ಗಳಗನಾಥ ಗ್ರಾಮದವರು, ವೃತ್ತಿಯಿಂದ ಶಿಕ್ಷಕರು. ಅವರ 'ಪ್ರಬುದ್ಧ ಪದ್ಮನಯನೆ' ಕಾದಂಬರಿಗೆ ವಿದ್ಯಾವರ್ಧಕ ಸಂಘದ ಬಹುಮಾನ ದೊರೆಯಿತು. ೧೯೦೭ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಭಾರವನ್ನು ಅವರು ಹೊತ್ತರು. ಅದರಿಂದ ಬೇರೆಯಾದ ಮೇಲೆ 'ಸದ್ಗುರು' ಎಂಬ ಪತ್ರಿಕೆಯನ್ನು ತಾವೇ ನಡೆಯಿಸಿದರು. ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರಲ್ಲಿ ಅವರೇ ಮುಖ್ಯರು. ವಿಜಯನಗರದ ಪತನವನ್ನು ಹೇಳುವ 'ಕನ್ನಡಿಗರ ಕರ್ಮಕಥೆ'ಯು ಆಪಟೆಯವರ 'ವಜ್ರಾಘಾತ'ದ ರೂಪಾಂತರ. ಕನ್ನಡಿಗರು ತಮ್ಮ ರಾಜಧಾನಿ ಹಾಳಾದ ಕಥೆಯನ್ನು ಪುಣೆಯ ಲೇಖಕನೊಬ್ಬನ ಕೃತಿಯ ಮೂಲಕ ಓದಿ ಕಣ್ಣೀರಿಟ್ಟರೆಂಬುದು ಆ ಕಾಲದ ಎರಡು ಭಾಷೆಗಳ ನಂಟಿಗೆ ಸಾಕ್ಷಿಯಾಗಿದೆ. 'ಮಾಧವ ಕರುಣಾ ವಿಲಾಸ'ವನ್ನು ಬರೆದು ಗಳಗನಾಥರು ಅದೇ ಸಾಮ್ರಾಜ್ಯದ ಉದಯದ ಕಥೆಯನ್ನು ಸ್ವತಂತ್ರವಾಗಿ ಹೇಳಿದರು.

ಗಳಗನಾಥರು ಗ್ರಂಥಗಳ ಗಂಟನ್ನು ತಾವೇ ಹೊತ್ತು ಹಳ್ಳಿಹಳ್ಳಿ ತಿರುಗಿ ಮಾರುತ್ತಿದ್ದರೆಂಬ ಸಂಗತಿಯು ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದೆ. ಇದನ್ನು ಕೇವಲ ಭಕ್ತಿಯ ಮಾತಾಗಿ ಹೇಳಿ ಮುಗಿಸುವುದು ಉಚಿತವಲ್ಲ. ಆ ಹೊರೆಯಲ್ಲಿ ಒಂದು ವ್ಯವಹಾರದ ಲೆಕ್ಕವಿದೆ. ಅಂಗಡಿಯವನ ಮೂಲಕ ಗ್ರಂಥ ಮಾರಿದರೆ ಅವನಿಗೆ ಕಮಿಶನ್ ಕೊಡಬೇಕು, ಹಣ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲದೆ ಹಳ್ಳಿಗಳಲ್ಲಿ ಗ್ರಂಥದಂಗಡಿಯೆಂಬುದೇ ಇರಲಿಲ್ಲ. ಟಪಾಲಿನಲ್ಲಿ ವ್ಹಿ. ಪಿ. ಮಾಡುವ ಪದ್ಧತಿ ೧೮೭೭ರಿಂದಲೂ, ಮನಿಆರ್ಡರಿನ ಪದ್ಧತಿ ೧೮೮೦ರಿಂದಲೂ ನಡೆದುಬಂದಿದ್ದವು. ಆದರೆ ಪಡೆಯುವವನು ವ್ಹಿ. ಪಿ.ಯನ್ನು ಬಿಡಿಸಿಕೊಳ್ಳದಿದ್ದರೆ ಕಟ್ಟು ಮರಳಿ ಬರುವುದು, ಹೋಗುವ ಖರ್ಚು ಕಳಿಸಿದವನ ತಲೆಯ ಮೇಲೆ ಬೀಳುವುದು. ಇಂಥ ನಾಲ್ಕು ಕಟ್ಟು ಮರಳಿದರೆ ಒಂದು ಕಟ್ಟಿನ ಲಾಭ ಹಾರಿಹೋಗುವುದು. ಕಾಲ್ನಡಿಗೆಯಲ್ಲಿ ಹೋದವನಿಗೆ ಈ ಭಯವಿಲ್ಲ. ಯಾವ ಮನೆಯಲ್ಲಿ ಓದುವವರಿದ್ದಾರೆ, ಯಾರು ಸುಗ್ಗಿಯ ತರುವಾಯ ಹಣ ಕೊಡಬಲ್ಲರು, ಯಾರು ಮುಂದಿನ ಭಾಗಕ್ಕಾಗಿ ಕಾದು ಕುಳಿತಿದ್ದಾರೆ, ಇವೆಲ್ಲವೂ ಅವನಿಗೆ ಗೊತ್ತು. ಲೇಖಕ, ಪ್ರಕಾಶಕ, ಹಮಾಲ, ಮೂವರೂ ಒಬ್ಬರೇ ಆದುದರಿಂದಲೇ ಆ ಗ್ರಂಥಗಳು ಜನರಿಗೆ ಮುಟ್ಟಿದವು. ಇಷ್ಟಾದರೂ ಗಳಗನಾಥರು ಬಡತನದಿಂದ ಪಾರಾಗಲಿಲ್ಲ. ದೇಹಶಕ್ತಿಯಿರುವವರೆಗೆ ಮಾತ್ರ ನಡೆಯುವ ವ್ಯಾಪಾರವಿದು. ಕಾಲು ಸೋತಾಗ ಅಂಗಡಿ ಮುಚ್ಚಿದಂತೆಯೇ.

ಮುಂದಿನವರಿಗೆ ಈ ಪಾಠ ತಿಳಿದಿದ್ದರೂ ಪಾರಾಗುವ ಉಪಾಯ ಸುಲಭವಾಗಿ ದೊರೆಯಲಿಲ್ಲ. ವಕೀಲಿಯನ್ನು ಬಿಟ್ಟ ಆಲೂರ ವೆಂಕಟರಾಯರು ೧೯೨೨ರಲ್ಲಿ 'ಜಯಕರ್ನಾಟಕ'ವನ್ನು ಆರಂಭಿಸಿದರು. ಅದರ ಕೆಲಸದಲ್ಲಿ ಪಳಗಿದ ಬೆಟಗೇರಿ ಕೃಷ್ಣಶರ್ಮರು ೧೯೩೮ರಲ್ಲಿ 'ಜಯಂತಿ'ಯನ್ನು ಹೊರಡಿಸಿ, ಮಹಾಯುದ್ಧದ ಕಾಲದ ಕಾಗದದ ಅಭಾವವನ್ನೂ ದಾಟಿಸಿ, ಎರಡು ದಶಕಗಳಿಗೂ ಮೀರಿ ನಡೆಯಿಸಿದರು. ಧಾರವಾಡದಲ್ಲಿ ಹುಟ್ಟಿದ 'ಜೀವನ'ವನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೪೪ರಲ್ಲಿ ಕೈಗೆತ್ತಿಕೊಂಡು ೧೯೬೫ರವರೆಗೆ ಸಂಪಾದಿಸಿದರು. ಇವುಗಳಲ್ಲಿ ಒಂದೊಂದೂ ಒಬ್ಬೊಬ್ಬರ ಜೀವಮಾನವನ್ನು ತಿಂದಿದೆ. ಸಂಪಾದಕನ ಕೈ ಸೋತ ದಿನ ಪತ್ರಿಕೆಯೂ ನಿಂತಿದೆ.

ಗ್ರಂಥಮಾಲೆಯ ಪದ್ಧತಿಯು ಈ ಕಷ್ಟಕ್ಕೆ ಒಂದು ಉತ್ತರವಾಗಿ ಬಂದಿತು. ೧೯೩೩ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಬೇಂದ್ರೆ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿಯವರ ಬೆಂಬಲವಿದ್ದಿತು. ಇವರಲ್ಲಿ ಗೋಕಾಕರು ಪುಣೆ ಸಾಂಗಲಿಗಳ ಕಾಲೇಜುಗಳಲ್ಲಿಯೂ ಮುಗಳಿಯವರು ಸಾಂಗಲಿಯಲ್ಲಿಯೂ ಪಾಠ ಹೇಳಿದವರು. ಪತ್ರಿಕೆಯಂತೆ ವರ್ಗಣಿ, ಗ್ರಂಥದಂತೆ ಬಾಳಿಕೆ: ವಾಚಕನು ವರ್ಷದ ಆರಂಭದಲ್ಲಿ ಹಣ ಕಳಿಸುವನು, ವರ್ಷದುದ್ದಕ್ಕೂ ಗ್ರಂಥಗಳು ಅವನ ಮನೆಗೆ ಟಪಾಲಿನಲ್ಲಿ ಬರುವವು. ಯಾವ ಗ್ರಂಥ ಬರುವುದೆಂಬುದು ಅವನಿಗೆ ಮೊದಲೇ ತಿಳಿದಿರುವುದಿಲ್ಲ. ಆದಕಾರಣ ಇದು ಕೊಳ್ಳುವವನು ಮಾರುವವನಿಗೆ ತೋರಿಸುವ ವಿಶ್ವಾಸವೇ ಸರಿ. ಈ ವಿಶ್ವಾಸದ ಬಲದಿಂದಲೇ ಸುಭಾಸ ರಸ್ತೆಯ ಆ ಪ್ರಸಿದ್ಧ 'ಅಟ್ಟ'ದಿಂದ, ಅಂಗಡಿಯ ಕಟ್ಟೆಯ ಮೇಲೆ ಹೆಸರೇ ಕೇಳಿರದ ತರುಣರ ಕೃತಿಗಳು ಹೊರಟವು. ಗಿರೀಶ ಕಾರ್ನಾಡರ 'ಯಯಾತಿ' ಅಚ್ಚಾದ ೧೯೬೧ರಲ್ಲಿ ಅವರ ಹೆಸರನ್ನು ನೋಡಿ ಗ್ರಂಥ ಕೊಳ್ಳುವವರು ಯಾರಿದ್ದರು? ೧೯೬೫ರಲ್ಲಿ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವೂ ಇದೇ ಮಾಲೆಯಲ್ಲಿ ಬಂದಿತು. ಅಂಗಡಿಯ ಮಾರಾಟವನ್ನೇ ನಂಬಿದ ಪ್ರಕಾಶಕನು ಇಂಥ ಕೃತಿಗಳಿಗೆ ಹಣ ಹೂಡಲು ನೂರು ಬಾರಿ ಯೋಚಿಸುತ್ತಿದ್ದನು. ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶಾದೃಷ್ಟಿ ಆಯ್ಕೆ ಮಾಡಿತು, ಜೋಶಿಯವರ ಛಲ ಅಚ್ಚುಹಾಕಿಸಿತು. ಅದರ ಹಣವನ್ನು ಮಾತ್ರ ಊರೂರಿನ ಅಜ್ಞಾತ ವರ್ಗಣಿದಾರರು ತೆತ್ತಿದ್ದಾರೆ. ಮುಂಬಯಿ ಸರಕಾರದ ನೌಕರಿಯಲ್ಲಿ ಮರಾಠಿ ಜಿಲ್ಲೆಗಳಿಗೆ ವರ್ಗವಾಗಿ ಹೋದ ಕನ್ನಡಿಗನಿಗೆ ಈ ಕಟ್ಟು ಎಷ್ಟು ಪ್ರಿಯವಾಗಿದ್ದಿರಬೇಕೆಂಬುದನ್ನು ಹೊರನಾಡಿನ ವಾಚಕರಿಗೆ ವಿವರಿಸುವ ಅಗತ್ಯವಿಲ್ಲ.

ವರ್ಗಣಿಯನ್ನು ನಂಬಿ ಧಾರವಾಡದ ಮೂವರು ತರುಣರು, ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿಯವರು, ೧೯೬೪ರಲ್ಲಿ 'ಸಂಕ್ರಮಣ'ವನ್ನು ಹುಟ್ಟುಹಾಕಿದರು. ೧೯೮೦ರಲ್ಲಿ ಬೆಂಗಳೂರಿನಲ್ಲಿ ಪಿ. ಲಂಕೇಶರು ಜಾಹೀರಾತುಗಳನ್ನೇ ತೆಗೆದುಕೊಳ್ಳದೆ ವಾರಪತ್ರಿಕೆಯೊಂದನ್ನು ನಡೆಯಿಸಿ ತೋರಿಸಿದರು. ಅದು ವಾರವಾರವೂ ವಾಚಕನ ಕಿಸೆಯಿಂದಲೇ ಬದುಕಿದ ಪತ್ರಿಕೆ. ಅಂಥ ಮಾರಾಟ ಎಲ್ಲರಿಗೂ ದಕ್ಕುವುದಲ್ಲ.

ಇನ್ನು ಗ್ರಂಥದಂಗಡಿಯ ಮಾತು. ಅಂಗಡಿಗೆ ವರ್ಗಣಿಯಿಲ್ಲ; ಅದು ಮೊದಲು ಹಣ ಹಾಕಿ, ಗಿರಾಕಿ ಬರುವನೆಂದು ಬಾಗಿಲು ತೆರೆದು ಕೂಡಬೇಕು. ಇದರಲ್ಲಿ ದೊಡ್ಡ ಹೆಸರು ಗಳಿಸಿದವರು ಕನ್ನಡ ಕರಾವಳಿಯಿಂದ ಮುಂಬಯಿಗೆ ಬಂದ ಟಿ. ಎನ್. ಶಾನಭಾಗರು. ೧೯೪೮ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದ ಪಡಸಾಲೆಯಲ್ಲಿ ಅವರಿಟ್ಟ ಸಣ್ಣ ಮಳಿಗೆಯು ಮುಂದೆ ಫೋರ್ಟ್ ಭಾಗದ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಆಗಿ ಬೆಳೆಯಿತು. ಬೆಲೆಯಲ್ಲಿ ಸೋಡಿ ಬಿಡುವುದು, ಗಿರಾಕಿಯ ರುಚಿಯನ್ನು ನೆನಪಿಡುವುದು, ಇವೆರಡೇ ಅವರ ಬಂಡವಾಳ. ಅಲ್ಲಿ ಪಳಗಿದ ಅವರ ಬಂಧು ಟಿ. ಎಸ್. ಶಾನಭಾಗರು ಬೆಂಗಳೂರಿನಲ್ಲಿ ಪ್ರೀಮಿಯರ್ ಬುಕ್ ಶಾಪ್ ನಡೆಯಿಸಿದರು. ಪ್ರೀಮಿಯರ್ ೨೦೦೯ರಲ್ಲಿ, ಪುಣೆಯ ಮ್ಯಾನೀಸ್ ೨೦೧೨ರಲ್ಲಿ, ಸ್ಟ್ರ್ಯಾಂಡ್ ೨೦೧೮ರಲ್ಲಿ ಮುಚ್ಚಿದವು. ಇವೆಲ್ಲವೂ ಮುಖ್ಯವಾಗಿ ಇಂಗ್ಲಿಷ್ ಗ್ರಂಥಗಳ ಅಂಗಡಿಗಳು. ಮಹಾನಗರದ ನಡುವೆ, ಹಣವುಳ್ಳ ಭಾಷೆಯ ವ್ಯಾಪಾರಕ್ಕೇ ಈ ಗತಿಯಾದಾಗ ಪರಭಾಷೆಯ ಪೇಟೆಯಲ್ಲಿ ಕನ್ನಡ ಗ್ರಂಥದಂಗಡಿ ಏಕಿಲ್ಲವೆಂದು ಕೇಳುವುದು ವ್ಯರ್ಥ.

ಕರ್ನಾಟಕದ ಒಳಗೆ ಪ್ರಕಾಶಕರಿಗೆ ಮತ್ತೊಂದು ಆಧಾರ ದೊರೆತಿದೆ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ತರುವಾಯ ಬೆಳೆದ ಗ್ರಂಥಾಲಯಗಳು ಸಗಟು ಖರೀದಿಯಿಂದ ಗ್ರಂಥಗಳನ್ನು ಕೊಳ್ಳುತ್ತವೆ. ಇದರಿಂದ ಎಷ್ಟೋ ಒಳ್ಳೆಯ ಗ್ರಂಥಗಳು ಅಚ್ಚಾಗಿವೆಯೆಂಬುದು ನಿರ್ವಿವಾದ. ಆದರೆ ಬಾರಾಮತಿಯ ನಾಯಿಕರ ಸ್ಥಾನಕ್ಕೆ ಮತ್ತೆ ಸರಕಾರವೇ ಬಂದು ಕುಳಿತಂತಾಯಿತು. ಖರೀದಿಯ ಹಣ ತಡವಾದ ವರ್ಷ ಸಣ್ಣ ಪ್ರಕಾಶಕನ ಉಸಿರು ಕಟ್ಟುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಹಾನಿಯೊಂದಿದೆ: ಗ್ರಂಥಾಲಯಕ್ಕೆ ಮಾರಿದವನಿಗೆ ವಾಚಕನ ವಿಳಾಸದ ಅಗತ್ಯವಿಲ್ಲ. ವಿಳಾಸಗಳ ಆ ಹಳೆಯ ವಹಿಯು ಮುಚ್ಚಿದಾಗ ಅದರಿಂದ ಮೊದಲು ಬಿದ್ದುಹೋದವರು ಗಡಿಯಾಚೆಯ ಕನ್ನಡಿಗರು. ಅವರ ಊರಿನ ಗ್ರಂಥಾಲಯಕ್ಕೆ ಕರ್ನಾಟಕದ ಖರೀದಿ ಮುಟ್ಟುವುದಿಲ್ಲ.

ಆದುದರಿಂದ ಬಾರಾಮತಿಯಂಥ ಊರಿನಲ್ಲಿ ನೆಲಸಿದ ಕನ್ನಡಿಗನಿಗೆ ಟಪಾಲು ಕಚೇರಿಯೇ ಇಂದಿಗೂ ಸಮೀಪದ ಗ್ರಂಥದಂಗಡಿ. ಗಣಕಯಂತ್ರದ ಮೂಲಕ ಗ್ರಂಥ ತರಿಸುವ ಸೌಕರ್ಯ ಬಂದಿದೆಯಾದರೂ ಸಣ್ಣ ಪ್ರಕಾಶಕನು ಕಟ್ಟನ್ನು ಕಳಿಸುವುದು ಬಹುಶಃ ಅಂಚೆಯಲ್ಲಿಯೇ. ಅಗ್ಗದ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ೨೦೨೪ರ ಡಿಸೆಂಬರಿನಲ್ಲಿ ನಿಂತಾಗ, ಕೆಲವು ಗ್ರಂಥಗಳಿಗೆ ಬೆಲೆಯ ಜೊತೆಗೆ ಬೆಲೆಯ ಕಾಲುಭಾಗದಷ್ಟೋ ಅರ್ಧದಷ್ಟೋ ಸಾಗಣೆಯ ಖರ್ಚು ಬೀಳುವ ಪರಿಸ್ಥಿತಿ ಒದಗಿತು. ೨೦೨೫ರ ಮೇ ೧ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಆರಂಭವಾಗಿದೆ. ಆಗ ಗೊತ್ತುಪಡಿಸಿದ ದರದಂತೆ ಮುನ್ನೂರು ಗ್ರಾಂವರೆಗಿನ ಕಟ್ಟಿಗೆ ೨೦ ರೂಪಾಯಿ, ಐದು ಕಿಲೋವರೆಗಿನ ಕಟ್ಟಿಗೆ ೧೦೦ ರೂಪಾಯಿ, ಮೇಲೆ ತೆರಿಗೆ. ಗ್ರಂಥಮಾಲೆಯ ಕಟ್ಟುಗಳಿಗೆ ಇದು ಸಾಕಷ್ಟು ಅನುಕೂಲವೇ. ಜಾಹೀರಾತುಗಳಿರುವ ಪ್ರಕಟಣೆಗಳಿಗೆ ಮಾತ್ರ ಈ ದರ ಅನ್ವಯಿಸುವುದಿಲ್ಲ. ವರ್ಗಣಿ ಸಾಲದೆ ನಾಲ್ಕು ಪುಟ ಜಾಹೀರಾತು ಹಾಕಿಕೊಂಡ ಮಾಸಪತ್ರಿಕೆಗೆ ಹೊರನಾಡಿನ ತನ್ನ ವಾಚಕನನ್ನು ಮುಟ್ಟಲು ಈ ಸೇವೆಯ ನೆರವು ದೊರೆಯುವುದಿಲ್ಲ.