ನೀರಿನ ಸಹಜ ಸಾವಯವ ಬಣ್ಣ: ಅಧ್ಯಯನದ ಇತಿಹಾಸ

ಕೊಳೆತ ಎಲೆ, ತೊಗಟೆ, ಬೇರುಗಳ ಸಾರ ಕರಗಿ ಕಾಡಿನ ಹೊಳೆಗಳಿಗೂ ಜೌಗು ನೆಲದ ಕೆರೆಗಳಿಗೂ ಬರುವ ಹಳದಿ ಅಥವಾ ಕಂದು ಬಣ್ಣ. ಮಳೆಗಾಲದ ರಾಡಿ ನೀರನ್ನು ಬಿಟ್ಟಿಟ್ಟರೆ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಈ ಬಣ್ಣ ಸೋಸಿದರೂ ಹೋಗದು. ಇದಕ್ಕೆ ಕಾರಣವಾದ ಹ್ಯೂಮಿಕ್, ಫಲ್ವಿಕ್ ಆಮ್ಲಗಳನ್ನು ಗೊತ್ತಾದ ಎರಡು ಸಂಯುಕ್ತಗಳೆಂಬಂತೆ ವರ್ಣಿಸುವ ಬರಹಗಳುಂಟು. ಅದು ತಪ್ಪು. ಕ್ಷಾರದಲ್ಲಿ ಕರಗಿ, ಆಮ್ಲ ಬೆರೆಸಿದಾಗ ತಳಕ್ಕಿಳಿಯುವುದೆಲ್ಲ ಹ್ಯೂಮಿಕ್. ಆಗಲೂ ಕರಗಿಯೇ ಉಳಿಯುವುದು ಫಲ್ವಿಕ್. ಹೆಸರು ಬಂದದ್ದು ಬೇರ್ಪಡಿಸಿದ ಬಗೆಯಿಂದ.

1786ರಲ್ಲಿ ಜರ್ಮನ್ ರಸಾಯನಜ್ಞ ಆಖಾರ್ಡ್ ಈ ವಿಧಾನವನ್ನು ಪೀಟ್ ಮಣ್ಣಿನ ಮೇಲೆ ಪ್ರಯೋಗಿಸಿದ. ನೀರಿನ ಕಡೆಗೆ ಗಮನ ಹರಿಸಿದವನು ಸ್ವೀಡನ್ನಿನ ರಸಾಯನಜ್ಞ ಬರ್ಜೀಲಿಯಸ್. ಅಲ್ಲಿನ ಪೋರ್ಲಾ ಬುಗ್ಗೆಯ ಬಾಯಲ್ಲಿ ಕಟ್ಟಿಕೊಂಡಿದ್ದ ಕಾವಿಬಣ್ಣದ ಗಸಿಯನ್ನು ಅವನು ಕ್ಷಾರದಲ್ಲಿ ಕುದಿಸಿ, ಸೋಸಿ, ಅಸಿಟಿಕ್ ಆಮ್ಲ ಬೆರೆಸಿ, ತಾಮ್ರದ ಅಸಿಟೇಟ್ ಹಾಕಿದ. ಮೊದಲು ಕಂದು ಗಸಿ ಇಳಿಯಿತು. ದ್ರಾವಣದ ಹುಳಿ ತಗ್ಗಿಸಿದಾಗ ಮತ್ತೊಂದು ಗಸಿ ಇಳಿಯಿತು. ಗ್ರೀಕಿನಲ್ಲಿ ಬುಗ್ಗೆಗಿರುವ ಪದದಿಂದ 1833ರಲ್ಲಿ ಅವನು ಇವುಗಳ ಆಮ್ಲಗಳನ್ನು ಅಪೊಕ್ರೀನಿಕ್, ಕ್ರೀನಿಕ್ ಎಂದು ಕರೆದ. 1919ರಲ್ಲಿ ಸ್ವೀಡನ್ನಿನವನೇ ಆದ ರಸಾಯನಜ್ಞ ಸ್ವೆನ್ ಓಡೆನ್ ಫಲ್ವಿಕ್ ಎಂಬ ಹೆಸರು ತಂದ ಮೇಲೆ ಆ ಪದಗಳು ಮರೆಗೆ ಸರಿದವು.

ಬಣ್ಣದ ಅಳತೆ ಅದಕ್ಕೂ ಮೊದಲೇ ಬಂದಿತ್ತು. ಪ್ಲಾಟಿನಂ, ಕೋಬಾಲ್ಟ್ ಲವಣಗಳ ಹಳದಿ ದ್ರಾವಣದ ಜೊತೆ ನೀರನ್ನು ಹೋಲಿಸುವ ಕ್ರಮವನ್ನು ಅಮೆರಿಕದ ಆಲನ್ ಹೇಜನ್ 1892ರಲ್ಲಿ ರೂಪಿಸಿದ. ಲೀಟರಿಗೆ 1 ಮಿಲಿಗ್ರಾಂ ಪ್ಲಾಟಿನಂ ಎಂದರೆ 1 ಹೇಜನ್ ಮಾನ.

ನಿಜವಾದ ತಿರುವು 1974ರದು. ಅಲ್ಲಿಯವರೆಗೆ ಈ ಬಣ್ಣ ಬರೀ ಕಣ್ಣಿಗೆ ಹಿಡಿಸದ ದೋಷವೆನಿಸಿತ್ತು. ರಾಟರ್‌ಡ್ಯಾಮ್ ನೀರು ಸರಬರಾಜಿನ ರಸಾಯನಜ್ಞ ಯೋಹಾನೆಸ್ ರೂಕ್, ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕ್ಲೋರೋಫಾರ್ಮ್ ಹುಟ್ಟುವುದನ್ನೂ ಅದಕ್ಕೆ ಈ ಬಣ್ಣದ ವಸ್ತುಗಳೇ ಕಾರಣವೆಂಬುದನ್ನೂ ತೋರಿಸಿದರು. ಕಾಯಿಲೆ ತಡೆಯಲು ಹಾಕಿದ ಮದ್ದೇ ಹೊಸ ಅಪಾಯಕ್ಕೆ ದಾರಿಯಾದದ್ದು ಹೀಗೆ. 1979ರಲ್ಲಿ ಅಮೆರಿಕ ಈ ಬಗೆಯ ಟ್ರೈಹ್ಯಾಲೋಮೀಥೇನ್‌ಗಳಿಗೆ ಲೀಟರಿಗೆ 0.10 ಮಿಲಿಗ್ರಾಂ ಮಿತಿ ಹಾಕಿತು.

2015ರಲ್ಲಿ ಮಣ್ಣಿನ ವಿಜ್ಞಾನಿಗಳಾದ ಲೆಹ್ಮನ್ ಮತ್ತು ಕ್ಲೆಬರ್, ಹ್ಯೂಮಿಕ್ ಪದಾರ್ಥವೆಂಬುದು ಕ್ಷಾರದ ಪ್ರಯೋಗದ ಫಲ, ಮಣ್ಣಿನಲ್ಲಿ ಅದು ಹಾಗೆ ಇರುವುದಿಲ್ಲ ಎಂದು ವಾದಿಸಿದರು. ವಾದ ಇನ್ನೂ ಮುಗಿದಿಲ್ಲ. ಅದನ್ನು ನೀರಿಗೆ ಹಾಗೆಯೇ ಅನ್ವಯಿಸುವುದು ಮಾತ್ರ ಸರಿಯಲ್ಲ: ಹೊಳೆಯಲ್ಲಿ ಬಣ್ಣ ಯಾರೂ ಕ್ಷಾರ ಸುರಿಯದೆಯೇ ಕರಗಿರುತ್ತದೆ. ಆ ಬಣ್ಣದ ಹಿಂದಿರುವುದು ಸಾವಿರಾರು ಅಣುಗಳ ಮಿಶ್ರಣವೆಂದು ಈಗಿನ ಸೂಕ್ಷ್ಮ ದ್ರವ್ಯರಾಶಿ ಮಾಪನಗಳು ತೋರಿಸಿವೆ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಬಣ್ಣ 5 ಹೇಜನ್ ಮಾನ ಮೀರಬಾರದು. ಬೇರೆ ನೀರು ಸಿಗದಿದ್ದರೆ 15ರವರೆಗೆ ಒಪ್ಪಬಹುದು.